ಕಡೂರಲ್ಲಿ ಇಳಿದವರಿಗೆ

ಶನಿವಾರ ಬೆಳಗಿನ ರೈಲು ಬಂದು ನಿಂತರೆ, ಕಡೂರು ಸ್ಟೇಷನ್ನಿನಲ್ಲಿ ಇಳಿಯುವ ಎಷ್ಟೋ ಮಂದಿಗೆ ಕಡೂರಿನಲ್ಲಿ ಕೆಲಸವೇ ಇರುವುದಿಲ್ಲ. ಬೆನ್ನಿಗೆ ದೊಡ್ಡ ಬ್ಯಾಗು, ಕಾಲಿಗೆ ಹೊಸ ಬೂಟು. ಹೊರಗೆ ಬಂದು ಟೀ ಕುಡಿದು ಟ್ಯಾಕ್ಸಿ ಹತ್ತಿದರೆ ಸೀದಾ ಚಿಕ್ಕಮಗಳೂರು, ಅಲ್ಲಿಂದ ಮುಳ್ಳಯ್ಯನಗಿರಿ. ಒಂದು ಸಲ ತರಕಾರಿ ಚೀಲ ಹಿಡಿದು ಅಲ್ಲೇ ನಿಂತಿದ್ದ ನನ್ನನ್ನು ಒಬ್ಬ ಹುಡುಗ ಕೇಳಿದ: ‘ಆಂಟಿ, ಈ ಊರಲ್ಲಿ ನೋಡೋಕೆ ಏನಾದರೂ ಇದೆಯಾ?’ ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಟ್ಯಾಕ್ಸಿ ಬಂತು, ಹೋದ. ಅವನಿಗೆ ಹೇಳಬೇಕೆಂದಿದ್ದ ಮಾತು ನನ್ನೊಳಗೆ ಹಾಗೇ ಉಳಿದುಬಿಟ್ಟಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಮೊದಲು ಅಜ್ಜಂಪುರದ ಕಡೆ, ಆಮೇಲೆ ತರೀಕೆರೆ, ಕೊನೆಗೆ ಕಡೂರು. ಹಿಂದೆ ಈ ಭಾಗದಲ್ಲಿ ಕಡೂರು ಮತ್ತು ತರೀಕೆರೆ ಎಂಬ ಎರಡೇ ತಾಲ್ಲೂಕುಗಳಿದ್ದವು. ಅಜ್ಜಂಪುರ ಈಚೆಗೆ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾಯಿತು. ನಕ್ಷೆಯಲ್ಲಿ ಈ ಮೂರೂ ಒಂದು ಅಂಗೈಯಷ್ಟು ಜಾಗ. ಆ ಅಂಗೈಯಲ್ಲಿ ಒಂದು ಕಡೆ ಚಿಗರೆ ಓಡುವ ಒಣ ಬಯಲು, ಇನ್ನೊಂದು ಕಡೆ ಇಂಬಳ ಕಚ್ಚುವ ಹಸಿ ಕಾನು. ನಡುವೆ ಬಾಬಾಬುಡನ್ ಗಿರಿಸಾಲು ಗೋಡೆಯ ಹಾಗೆ ನಿಂತಿದೆ. ನೈರುತ್ಯ ಮಾರುತದ ಮೋಡಗಳು ಆ ಗೋಡೆಗೆ ಬಡಿದು ಆಚೆ ಬದಿಯಲ್ಲೇ ಬಹುಪಾಲು ಮಳೆ ಸುರಿಸಿಬಿಡುತ್ತವೆ. ಈಚೆ ನಮ್ಮ ಕಡೂರಿಗೆ ಬರುವುದು ಗಾಳಿ ಮತ್ತು ತುಂತುರು. ಕೆಮ್ಮಣ್ಣುಗುಂಡಿಯಲ್ಲಿ ಸ್ವೆಟರ್ ಹಾಕಿಕೊಂಡು ನಡುಗುವ ದಿನವೇ ಕಡೂರಿನಲ್ಲಿ ರಾಗಿ ಹೊಲಕ್ಕೆ ಮಳೆಯಿಲ್ಲವೆಂದು ಜನ ಆಕಾಶ ನೋಡುತ್ತಿರುತ್ತಾರೆ.

ಮಕ್ಕಳಿಗೆ ಇದನ್ನು ನೀರಿನ ದಾರಿಯಲ್ಲಿ ಹೇಳಿಕೊಡುತ್ತಿದ್ದೆ. ಗಿರಿಯ ನೆತ್ತಿಯ ಮೇಲೆ ಬಿದ್ದ ಹನಿ ಪಶ್ಚಿಮಕ್ಕೆ ಉರುಳಿದರೆ ಭದ್ರೆಗೆ ಹೋಗುತ್ತದೆ, ಪೂರ್ವಕ್ಕೆ ಉರುಳಿದರೆ ವೇದಾವತಿಗೆ. ಭದ್ರೆ ಲಕ್ಕವಳ್ಳಿಯ ಅಣೆಕಟ್ಟು ದಾಟಿ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಈಚೆ ಬದಿಯ ನೀರು ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿಸಿ, ಕಡೂರು ಹಾದು, ಮಾರಿಕಣಿವೆಯ ಜಲಾಶಯದಲ್ಲಿ ನಿಂತು, ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿ ಸೀಮೆಯನ್ನು ದಾಟಿ ತುಂಗಭದ್ರೆಗೇ ಹೋಗುತ್ತದೆ. ಒಂದೇ ಬೆಟ್ಟದ ಮೇಲೆ ಬೇರ್ಪಟ್ಟ ಹನಿಗಳು ನೂರಾರು ಕಿಲೋಮೀಟರು ಸುತ್ತಿ ಒಂದೇ ಹೊಳೆಯಲ್ಲಿ ಸಿಗುತ್ತವೆ. ಈಗ ಭದ್ರಾ ಮೇಲ್ದಂಡೆ ಯೋಜನೆಯವರು ಅಜ್ಜಂಪುರದ ಹತ್ತಿರ ಸುಮಾರು 7 ಕಿ.ಮೀ. ಉದ್ದದ ಸುರಂಗ ಕೊರೆದು, ಭದ್ರೆಯ ನೀರನ್ನು ಅಡ್ಡದಾರಿಯಲ್ಲೇ ಚಿತ್ರದುರ್ಗದ ಕಡೆಗೆ ಹರಿಸಿದ್ದಾರೆ.

ಮೊದಲು ಬಯಲಿನ ಮಾತು. ಬೆಟ್ಟದ ಮಾತನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿದ್ದಾನೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೀನ್ಯಾಕ್ಕೆ ಹೋಗಿಬಂದು ಮಸಾಯಿಮಾರದ ಫೋಟೋಗಳನ್ನು ತೋರಿಸಿದ. ಹುಲ್ಲು, ನಡುವೆ ಒಂದೊಂದು ಜಾಲಿ ಮರ, ದೂರದಲ್ಲಿ ಹಿಂಡು. ‘ಇಂಥ ಜಾಗ ನಮ್ಮಲ್ಲಿ ಎಲ್ಲಿದೆ ಅತ್ತೆ?’ ಎಂದ. ‘ಸಂಜೆ ನಾಲ್ಕಕ್ಕೆ ರೆಡಿಯಾಗು’ ಎಂದೆ. ಜನವರಿ ತಿಂಗಳು. ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿ, ಅವರನ್ನೆಲ್ಲ ಬಾಸೂರು ಕಾವಲಿಗೆ ಕರೆದುಕೊಂಡು ಹೋದೆ.

ಬಾಸೂರು ಅಮೃತಮಹಲ್ ಕಾವಲು, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲು, ನಮ್ಮ ಕಡೂರು ತಾಲ್ಲೂಕಿನದು. 2011ರಲ್ಲಿ ಸರ್ಕಾರ ಇದನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ವಿಸ್ತೀರ್ಣ 7 ಚದರ ಕಿಲೋಮೀಟರಿಗೆ ಸ್ವಲ್ಪ ಮೇಲೆ, ಎಕರೆ ಲೆಕ್ಕದಲ್ಲಿ 1,800ರಷ್ಟು. ದೊಡ್ಡದೇನಲ್ಲ. ಸುತ್ತ ರಾಗಿ ಹೊಲ, ತೆಂಗಿನ ತೋಟ, ಊರು. ಮೊದಲ ಸಲ ನೋಡಿದವರಿಗೆ ಅಲ್ಲಿ ಏನೂ ಇಲ್ಲ ಅನಿಸುತ್ತದೆ. ಮಂಡಿಯುದ್ದ ಒಣಹುಲ್ಲು, ಅಲ್ಲಲ್ಲಿ ತಂಗಡಿ, ಕಾರೆ, ಬೋರೆ ಗಿಡ. ನಮ್ಮ ಹುಡುಗನ ಮಗಳು, ಹತ್ತು ವರ್ಷದವಳು, ‘ಇದು ಗ್ರೌಂಡಾ ಅಜ್ಜಿ?’ ಎಂದಳು. ಎಲ್ಲರನ್ನೂ ಕಾರಿನಿಂದ ಇಳಿಸಿ ದಾರಿಯಲ್ಲೇ ಹತ್ತು ನಿಮಿಷ ಸುಮ್ಮನೆ ನಿಲ್ಲಿಸಿದೆ.

ಮೊದಲು ಕಂಡದ್ದು ಪ್ರಾಣಿಯಲ್ಲ, ದಾರಿಯ ಪಕ್ಕದ ಹಿಕ್ಕೆಯ ಗುಡ್ಡೆ. ಗೋಲಿಯಂಥ ಕಪ್ಪು ಹಿಕ್ಕೆಗಳು ಒಂದೇ ಜಾಗದಲ್ಲಿ ಮೊರದಗಲ ಬಿದ್ದಿದ್ದವು. ಮೇಲಿನವು ಹಸಿ, ಅಡಿಯವು ಒಣಗಿ ಬಿಳಿಚಿಕೊಂಡಿದ್ದವು. ಇದು ಗಂಡು ಚಿಗರೆ ಹಾಕಿದ ಬೇಲಿ. ದಿನಾ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕಿ, ಈ ನೆಲ ನನ್ನದು ಎಂದು ಇನ್ನೊಂದು ಗಂಡಿಗೆ ಹೇಳುತ್ತದೆ. ತಲೆಯೆತ್ತಿದರೆ ಇನ್ನೂರು ಹೆಜ್ಜೆ ಆಚೆ ಅದರ ಯಜಮಾನ ನಿಂತೇ ಇತ್ತು. ಬೆನ್ನು ಕಾಡಿಗೆಯ ಬಣ್ಣ, ಹೊಟ್ಟೆ ಸುಣ್ಣದ ಬಿಳುಪು, ತಿರುಪಿನಂತೆ ಸುತ್ತಿದ ಕೊಂಬು. ಅದರ ಹಿಂದೆ ಹುಲ್ಲಿನ ಬಣ್ಣದವೇ ಆದ ಹೆಣ್ಣುಗಳು ಏಳೆಂಟು. ಮಗು ಉಸಿರು ಬಿಗಿಹಿಡಿದಳು.

ಪುಸ್ತಕದಲ್ಲಿ ಇದರ ಹೆಸರು ಕೃಷ್ಣಮೃಗ. ಜಿಂಕೆ ಎಂದು ಎಲ್ಲರೂ ಕರೆಯುವುದುಂಟು. ಆದರೆ ಚುಕ್ಕೆ ಜಿಂಕೆಯ ಕೊಂಬು ಉದುರಿ ಮತ್ತೆ ಹುಟ್ಟುತ್ತದೆ. ಇದರ ಕೊಂಬು ಒಮ್ಮೆ ಬಂದರೆ ಸಾಯುವ ತನಕ ಇರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಬಲ್ಲದು. ಇಷ್ಟು ವೇಗ ಯಾಕೆ ಬೇಕು ಎಂದು ತರಗತಿಯಲ್ಲಿ ಕೇಳುತ್ತಿದ್ದೆ. ಇದನ್ನು ಅಟ್ಟಿ ಹಿಡಿಯುತ್ತಿದ್ದದ್ದು ಚೀತಾ. ನಮ್ಮ ದೇಶದಲ್ಲಿ ಚೀತಾ ಅಳಿಯಿತೆಂದು 1952ರಲ್ಲಿ ಘೋಷಣೆಯಾಯಿತು. ಅದರಿಂದ ತಪ್ಪಿಸಿಕೊಳ್ಳಲು ಕಲಿತ ಓಟ ಚಿಗರೆಯ ಕಾಲಲ್ಲಿ ಇನ್ನೂ ಇದೆ. ಅಡಗಿಕೊಳ್ಳಲು ಮರವಿಲ್ಲದ ಕಡೆ ದೂರ ನೋಡುವ ಕಣ್ಣು, ಓಡುವ ಕಾಲು, ಎರಡೇ ರಕ್ಷಣೆ. ಆದ್ದರಿಂದಲೇ ಈ ಬಯಲಿನಲ್ಲಿ ಒತ್ತಾಗಿ ಮರ ನೆಟ್ಟರೆ ಅದಕ್ಕೆ ಉಪಕಾರವಾಗುವುದಿಲ್ಲ, ಅದರ ಮನೆ ಹೋಗುತ್ತದೆ. ಹಸಿರು ಹೆಚ್ಚಿಸುತ್ತೇವೆ ಎಂದು ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ನೀಲಗಿರಿ, ಅಕೇಶಿಯಾ ನೆಟ್ಟ ಒಳ್ಳೆಯ ಮನಸ್ಸಿನವರು ನಮ್ಮ ರಾಜ್ಯದಲ್ಲಿ ಬಹಳ ಇದ್ದಾರೆ. ಅವರಿಗೆ ಕೈಮುಗಿದು ಹೇಳುತ್ತೇನೆ, ಹುಲ್ಲೂ ಹಸಿರೇ.

ಸೂರ್ಯ ಗಿರಿಯ ಹಿಂದೆ ಇಳಿಯತೊಡಗಿದಾಗ ನಾನು ಕಾಯುತ್ತಿದ್ದ ಹಕ್ಕಿಗಳು ಬಂದವು. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಎಣಿಕೆ ತಪ್ಪಿತು. ಸೆಳೆವ ಎಂದು ಇವುಗಳ ಹೆಸರು. ಗಿಡುಗನ ಜಾತಿ. ರೆಕ್ಕೆಯನ್ನು ಸ್ವಲ್ಪ ಮೇಲೆತ್ತಿ ಹಿಡಿದು, ಹುಲ್ಲಿನ ತುದಿಗೆ ತಾಗಿತೋ ಎನ್ನುವಷ್ಟು ಕೆಳಗೆ, ಸದ್ದಿಲ್ಲದೆ ತೇಲಿಬರುತ್ತವೆ. ಗಂಡಿಗೆ ಬೂದಿ ಬಣ್ಣ, ರೆಕ್ಕೆಯ ತುದಿ ಮಸಿಯಲ್ಲಿ ಅದ್ದಿದಂತೆ. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಬೇರೆ ಗಿಡುಗಗಳ ಹಾಗೆ ಇವು ಮರದ ಮೇಲೆ ರಾತ್ರಿ ಕಳೆಯುವುದಿಲ್ಲ. ಗುಂಪಾಗಿ ಬಂದು ಹುಲ್ಲಿನೊಳಗೆ ನೆಲದ ಮೇಲೆಯೇ ಮಲಗುತ್ತವೆ. ಕಝಾಕಿಸ್ತಾನದಂಥ ಮಧ್ಯ ಏಷ್ಯಾದ ಬಯಲಿನಲ್ಲಿ ಬೇಸಿಗೆ ಕಳೆದು, ಮರಿ ಮಾಡಿ, ಚಳಿಗೆ ಹೆದರಿ ನಮ್ಮಲ್ಲಿಗೆ ಬರುವವು. ಇಲ್ಲಿ ಇವುಗಳ ದೊಡ್ಡ ಆಹಾರ ಮಿಡತೆ. ಅಕ್ಕಪಕ್ಕದ ರಾಗಿ, ಹುರುಳಿ ಹೊಲಗಳ ರೈತರಿಗೆ ಕೂಲಿಯಿಲ್ಲದ ಕಾವಲುಗಾರರು.

ನಮ್ಮಿಂದ ನಲವತ್ತು ಹೆಜ್ಜೆ ದೂರದಲ್ಲಿ ಒಂದು ಹೆಣ್ಣು ಸೆಳೆವ ಇಳಿಯಿತು. ಇಳಿಯುವ ಮುಂಚೆ ಎರಡು ಸುತ್ತು ಹಾಕಿತು, ಕಾಲು ಜೋಲುಬಿಟ್ಟಿತು, ಮತ್ತೆ ಮೇಲೆದ್ದಿತು, ಕೊನೆಗೆ ಹುಲ್ಲಿನೊಳಗೆ ಮುಳುಗಿತು. ಒಂದು ಕ್ಷಣ ಗೂಬೆಯಂಥ ದುಂಡು ಮುಖ ಮೇಲೆದ್ದು ನಮ್ಮ ಕಡೆ ತಿರುಗಿತು. ಆಮೇಲೆ ಹುಲ್ಲು ಮಾತ್ರ. ಸಾವಿರಾರು ಕಿಲೋಮೀಟರು ಹಾರಿಬಂದ ಜೀವ ನಮ್ಮೂರ ನೆಲದ ಮೇಲೆ, ಮೇಕೆ ಮೇಯುವ ಜಾಗದಲ್ಲಿ ಮಲಗಿತು. ಅಣ್ಣನ ಮಗ ವಾಪಸು ಬರುವ ತನಕ ಮಾತಾಡಲಿಲ್ಲ.

ಇಂಥ ಬಯಲು ಇಷ್ಟು ದಿನ ಹೇಗೆ ಉಳಿಯಿತು ಎಂದರೆ ಅದಕ್ಕೆ ಕಾರಣ ದನ. ಮೈಸೂರು ಅರಸರ ಕಾಲದಲ್ಲಿ, ಚಿಕ್ಕದೇವರಾಜ ಒಡೆಯರು ಅರಮನೆಗೆ ಹಾಲು ಬೆಣ್ಣೆ ಒದಗಿಸಲು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಕಟ್ಟಿದರು. ದನ ಮೇಯಲು ರಾಜ್ಯದ ಉದ್ದಕ್ಕೂ ಕಾವಲುಗಳನ್ನು ಬಿಟ್ಟರು. ಹೈದರಾಲಿ ಅದೇ ದನವನ್ನು ಫಿರಂಗಿ ಎಳೆಯಲು ಹಚ್ಚಿದ. ಟಿಪ್ಪು ಸುಲ್ತಾನ್ ಇಲಾಖೆಗೆ ‘ಅಮೃತಮಹಲ್’ ಎಂಬ ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಗೆ ಬಂದ ಈ ಎತ್ತುಗಳನ್ನು ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್, ಬಾಯ್ತುಂಬ ಹೊಗಳಿದ್ದ. 1860ರಲ್ಲಿ ಖರ್ಚು ಉಳಿಸಲು ಹಿಂಡುಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ಮತ್ತೆ ಕೂಡಿಸಬೇಕಾಯಿತು.

ಅಮೃತಮಹಲ್ ತಳಿಯ ಮುಖ್ಯ ಕೇಂದ್ರ ಈಗಲೂ ಅಜ್ಜಂಪುರದಲ್ಲಿದೆ. ನಮ್ಮ ಅಜ್ಜ ಕಾವಲಿನಲ್ಲಿ ದನ ಕಾಯುತ್ತಿದ್ದವರು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು ಎಂದು ಹಿಂಡನ್ನು ನಡೆಸಿಕೊಂಡು ಹೋಗುತ್ತಿದ್ದರಂತೆ. ಒಂದು ಕಡೆಯ ಹುಲ್ಲು ಪೂರ್ತಿ ಸವೆಯುವ ಮುಂಚೆ ಹಿಂಡು ಮುಂದಕ್ಕೆ ಹೋಗಿರುತ್ತಿತ್ತು. ಬೀಜ ಉದುರಿ, ಮಳೆ ಬಿದ್ದು, ಹುಲ್ಲು ಮತ್ತೆ ಎದ್ದಿರುತ್ತಿತ್ತು. ಉಳುಮೆಯಿಲ್ಲ, ಮರ ನೆಡುವುದಿಲ್ಲ, ಒತ್ತುವರಿಯಿಲ್ಲ. ಅರಸರ ಎತ್ತಿಗೆಂದು ಕಾದ ಹುಲ್ಲಿನಲ್ಲಿ ಚಿಗರೆ, ತೋಳ, ನರಿ, ಗೌಜಲಹಕ್ಕಿ, ನೆಲಗುಬ್ಬಿ ಎಲ್ಲವೂ ಬದುಕಿಕೊಂಡವು. ಅಜ್ಜಂಪುರದಲ್ಲಿ ಹೋರಿ ಕರುಗಳ ಹರಾಜು ನಡೆಯುವ ದಿನ ದೂರದೂರದ ಜಿಲ್ಲೆಗಳ ರೈತರು ಬಂದು ಸೇರುತ್ತಾರೆ. ಸಾಧ್ಯವಾದರೆ ಆ ದಿನ ಬನ್ನಿ. ಬಾಣದಂತೆ ಹಿಂದಕ್ಕೆ ಚಾಚಿದ ಕೊಂಬು, ಬೂದಿ ಬಿಳುಪು ಮೈ, ಹೊಸಬರು ಹತ್ತಿರ ಬಂದರೆ ನೆಲ ಕೆರೆಯುವ ರೋಷ. ಅವುಗಳ ನಡುವೆ ನಿಂತರೆ ಹಸು ಎಂಬ ಪದಕ್ಕೆ ಬೇರೆಯೇ ಅರ್ಥ ಹೊಳೆಯುತ್ತದೆ.

ಟ್ರಾಕ್ಟರು ಬಂತು, ಎತ್ತಿನ ಬೆಲೆ ಹೋಯಿತು. ಕಾವಲುಗಳು ಹಂಚಿಕೆಯಾಗಿ, ಒತ್ತುವರಿಯಾಗಿ, ಬೇರೆ ಬೇರೆ ಯೋಜನೆಗಳಿಗೆ ಹೋಗಿ ಕರಗಿದವು. ಪಕ್ಕದ ಜಿಲ್ಲೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ಡಿಆರ್‌ಡಿಒ, ಭಾಭಾ ಅಣುಶಕ್ತಿ ಕೇಂದ್ರ, ಐಐಎಸ್‌ಸಿಗಳಿಗೆ ಹೋಯಿತು. ಕಂದಾಯದ ಲೆಕ್ಕದಲ್ಲಿ ಉಳುಮೆಗೆ ಬಾರದ ನೆಲಕ್ಕೆ ‘ಖರಾಬು’ ಎನ್ನುತ್ತಾರೆ. ದೇಶದ ನಕ್ಷೆಗಳಲ್ಲೂ ಹುಲ್ಲುಗಾವಲನ್ನು ಪಾಳುಭೂಮಿಯ ಪಟ್ಟಿಗೆ ಸೇರಿಸುವ ರೂಢಿಯಿದೆ. ಒಂದು ನೆಲವನ್ನು ಕೆಟ್ಟದ್ದು ಎಂದು ಕರೆದ ಮೇಲೆ ಅದನ್ನು ಕಳೆದುಕೊಂಡಾಗ ಯಾರಿಗೂ ನೋವಾಗುವುದಿಲ್ಲ. ನನಗೆ ನೋವಾಗುತ್ತದೆ.

ಇನ್ನು ಬೆಟ್ಟದ ಆಚೆ ಬದಿ. ತರೀಕೆರೆಯಿಂದ ಲಕ್ಕವಳ್ಳಿಗೆ ಹೊರಟರೆ ಅಡಿಕೆ ತೋಟಗಳ ನಡುವೆ ದಾರಿ ತಂಪಾಗುತ್ತ ಹೋಗುತ್ತದೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು: ತುಂಬಿದಾಗ 186 ಅಡಿ ನೀರು, 71.5 ಟಿಎಂಸಿ. ಅದರ ಬೆನ್ನಿಗೇ ಭದ್ರಾ ಹುಲಿ ಮೀಸಲು. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವೆಂದು ಆರಂಭವಾದದ್ದು 1974ರಲ್ಲಿ ಲಕ್ಕವಳ್ಳಿಯ ಕಾಡನ್ನೂ ಸೇರಿಸಿಕೊಂಡು ಭದ್ರಾ ಆಯಿತು; 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಅಭಯಾರಣ್ಯದ ವಿಸ್ತೀರ್ಣ ಸುಮಾರು 492 ಚದರ ಕಿಲೋಮೀಟರು. ಇಲ್ಲಿ ಜೀಪು ಸಫಾರಿಯೂ ಇದೆ, ದೋಣಿ ಸಫಾರಿಯೂ ಇದೆ. ಒಂದನ್ನೇ ಆರಿಸಬೇಕಾದರೆ ದೋಣಿ ಹತ್ತಿ ಎನ್ನುತ್ತೇನೆ. ನೀರು ಕುಡಿಯಲು ಬರುವ ಆನೆ, ದಂಡೆಯ ಹಸಿಹುಲ್ಲಿಗೆ ಬರುವ ಕಾಟಿ, ಬಿಸಿಲು ಕಾಯಿಸುವ ಮೊಸಳೆ, ತಲೆ ಎತ್ತಿ ನೋಡುವ ನೀರುನಾಯಿ, ಇವುಗಳಲ್ಲಿ ಯಾವುದು ಸಿಕ್ಕೀತೋ ಹೇಳಲಾಗದು. ಹುಲಿಯೇ ಕಾಣಬೇಕೆಂದು ಹಟ ಹಿಡಿದು ಬರಬೇಡಿ.

ಬೇಸಿಗೆಯಲ್ಲಾದರೆ ಒಂದು ಹಕ್ಕಿಯನ್ನಂತೂ ನೋಡಲೇಬೇಕು. ರಿವರ್ ಟರ್ನ್. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲೊಡೆದ ಬಾಲ. ಜಲಾಶಯದ ನೀರು ಇಳಿದಂತೆ ಮುಳುಗಿದ್ದ ಗುಡ್ಡಗಳ ನೆತ್ತಿ ದ್ವೀಪಗಳಾಗಿ ಮೇಲೇಳುತ್ತವೆ. ನರಿ ನಾಯಿ ಬಾರದ ಆ ಬೋಳು ನೆಲದ ಮೇಲೆ ಇವು ಗುಂಪುಗುಂಪಾಗಿ ಬಂದು ಮೊಟ್ಟೆಯಿಡುತ್ತವೆ. ಗೂಡು ಎಂದರೆ ಎದೆಯಿಂದ ಒತ್ತಿ ಮಾಡಿದ ಒಂದು ತಗ್ಗು, ಅಷ್ಟೇ. ಅದರಲ್ಲಿ ಕಲ್ಲಿನ ಬಣ್ಣದ, ಕಂದು ಚುಕ್ಕೆಯ ಎರಡು ಮೂರು ಮೊಟ್ಟೆ. ಕಾಲಿಟ್ಟರೆ ತಿಳಿಯದೇ ತುಳಿದುಬಿಡುತ್ತೇವೆ. ಉತ್ತರದ ದೊಡ್ಡ ನದಿಗಳಲ್ಲಿ ಮರಳು ದಿಬ್ಬಗಳು ಹಾಳಾಗಿ ಈ ಹಕ್ಕಿ ಕಡಿಮೆಯಾಗುತ್ತ ಬಂದಿದೆ. ಭದ್ರೆಯ ದ್ವೀಪಗಳು ಅದಕ್ಕೆ ದೊಡ್ಡ ಆಸರೆ. ದೋಣಿಯವರಿಗೆ ‘ಇನ್ನೂ ಹತ್ತಿರ ಹೋಗಿ’ ಎಂದು ಒತ್ತಾಯಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಾಯಿ ಹಾರಿ ಎದ್ದರೆ ಏಪ್ರಿಲ್ ಬಿಸಿಲು ಮೊಟ್ಟೆಯನ್ನು ಸುಡುತ್ತದೆ.

ಈ ಕಾಡಿನ ಇನ್ನೊಂದು ಕಥೆ ಸಫಾರಿ ಜೀಪಿನಲ್ಲಿ ಯಾರೂ ಹೇಳುವುದಿಲ್ಲ. 1989-90ರ ಸುಮಾರಿಗೆ ಇಲ್ಲಿನ ಕಾಟಿಗಳಿಗೆ ದೊಡ್ಡರೋಗ (ರಿಂಡರ್‌ಪೆಸ್ಟ್) ತಗುಲಿ ಹಿಂಡುಹಿಂಡೇ ಸತ್ತವು. ಕಾಡಿನಲ್ಲಿ ಮೇಯಲು ಬರುತ್ತಿದ್ದ ಊರದನಗಳಿಂದ ಬಂದ ರೋಗ. ಮುಂದೆ ಲಸಿಕೆಯಿಂದ ಜಗತ್ತೇ ಆ ರೋಗವನ್ನು ಅಳಿಸಿತು. 2011ರಲ್ಲಿ ಅದು ಭೂಮಿಯ ಮೇಲೆ ಇಲ್ಲವೆಂದು ಘೋಷಣೆಯಾಯಿತು. ಸಿಡುಬು ಬಿಟ್ಟರೆ ಮನುಷ್ಯ ಹೀಗೆ ಬುಡಸಮೇತ ಕಿತ್ತ ರೋಗ ಇದೊಂದೇ. ಇನ್ನೊಂದು ಕಡೆ, 2001-02ರ ಹೊತ್ತಿಗೆ ಕಾಡಿನೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಹೆಚ್ಚಿನವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ, ಉಳಿದವರು ಮೂಡಿಗೆರೆ ಕಡೆಯ ಕೆಳಗೂರಿಗೆ. ಅವರು ಬಿಟ್ಟುಬಂದ ಗದ್ದೆಗಳಲ್ಲಿ ಈಗ ಹುಲ್ಲು ಬೆಳೆದು ಕಾಟಿ, ಜಿಂಕೆ ಮೇಯುತ್ತವೆ. ನೀರಾವರಿ ಜಮೀನು, ಶಾಲೆ, ರಸ್ತೆ, ಆಸ್ಪತ್ರೆ ಸಿಕ್ಕಿದ್ದರಿಂದ ಈ ಸ್ಥಳಾಂತರವನ್ನು ದೇಶದಲ್ಲೇ ಒಳ್ಳೆಯದೆಂದು ಹೆಸರಿಸುತ್ತಾರೆ. ನಾನೂ ಒಪ್ಪುತ್ತೇನೆ. ಆದರೂ ತರೀಕೆರೆಯಲ್ಲಿದ್ದಾಗ, ನಿಮ್ಮೂರ ನಕ್ಷೆ ಬರೆಯಿರಿ ಎಂದು ತರಗತಿಗೆ ಹೇಳಿದಾಗ, ಒಬ್ಬಳು ಹುಡುಗಿ ಹೊಸ ಊರಿನ ನೇರ ಬೀದಿಗಳನ್ನು ಬಿಟ್ಟು ಒಂದು ಹಳ್ಳ, ಒಂದು ಮಾವಿನ ಮರ, ಒಂದು ದೇವರ ಕಲ್ಲು ಬರೆದು ತಂದಿದ್ದಳು. ಅವಳು ಹುಟ್ಟಿದ ಮನೆ ಅಲ್ಲಿತ್ತು. ಜೀಪಿನಲ್ಲಿ ಕೂತು ಕಾಟಿಯ ಫೋಟೋ ತೆಗೆಯುವವರು, ಆ ಹುಲ್ಲನ್ನು ಬಿಟ್ಟುಕೊಟ್ಟವರು ಯಾರೆಂದು ಒಂದು ಸಲ ನೆನೆಯಬೇಕು.

ಕೆಮ್ಮಣ್ಣುಗುಂಡಿಯ ಬಗ್ಗೆ ಹೆಚ್ಚು ಬೇಡ, ಎಲ್ಲರಿಗೂ ಗೊತ್ತು. 1,434 ಮೀಟರ್ ಎತ್ತರ, ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಾಣ, ಈಗ ತೋಟಗಾರಿಕೆ ಇಲಾಖೆಯದು. ಹೆಸರೇ ಹೇಳುವಂತೆ ಮಣ್ಣು ಕೆಂಪು; ಈ ಬೆಟ್ಟದ ಕಬ್ಬಿಣದ ಅದಿರೇ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಝಡ್ ಪಾಯಿಂಟಿಗೆ ನಡೆಯುವ ಕಿರುದಾರಿಯಲ್ಲಿ ಹುಷಾರಾಗಿ ನಡೆಯಿರಿ, ಒಂದು ಬದಿ ಕಣಿವೆ. ಹೆಬ್ಬೆ ಜಲಪಾತ 168 ಮೀಟರ್, ಎರಡು ಹಂತದಲ್ಲಿ ಬೀಳುತ್ತದೆ, ಕಾಫಿ ತೋಟ ದಾಟಿ ಜೀಪಿನಲ್ಲಿ ಹೋಗಬೇಕು. ಮಳೆಗಾಲದಲ್ಲಿ ದಾರಿ ಬಿಟ್ಟಿದ್ದಾರೋ ಇಲ್ಲವೋ ಕೇಳಿಕೊಂಡೇ ಹೊರಡಿ. ಇಂಬಳಕ್ಕೆ ಹೆದರಬೇಡಿ, ಸ್ವಲ್ಪ ಉಪ್ಪು ಇಟ್ಟುಕೊಳ್ಳಿ. ಕಲ್ಲತ್ತಿಗಿರಿಯಲ್ಲಿ ನೀರು ವೀರಭದ್ರನ ಗುಡಿಯ ಮೈಮೇಲೇ ಬೀಳುವಂತಿದೆ. ಅಲ್ಲಿ ಸ್ನಾನಕ್ಕೆ ಬಂದವರು ಶಾಂಪೂ ಪೊಟ್ಟಣ, ಒದ್ದೆ ಬಟ್ಟೆ ಬಿಟ್ಟು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇಳಿಯುವಾಗ ಸಮಯ ಉಳಿದರೆ ಅಮೃತಾಪುರಕ್ಕೆ ಹೋಗಿ. 1196ರ ಹೊಯ್ಸಳ ಗುಡಿ, ಕಂಬಗಳ ಹೊಳಪಿನಲ್ಲಿ ಮುಖ ಕಾಣುತ್ತದೆ.

ಎರಡು ದಿನ ಇಟ್ಟುಕೊಂಡು ಬರುವವರಿಗೆ ನನ್ನ ಲೆಕ್ಕ ಹೀಗೆ. ಮೊದಲ ದಿನ ಬೆಳಗ್ಗೆ ಕಡೂರಿನಲ್ಲಿ ಇಳಿದು, ಹೊತ್ತೇರುವ ಮುಂಚೆ ಅಯ್ಯನಕೆರೆಯ ಏರಿಯ ಮೇಲೆ ನಿಂತು ಶಕುನಗಿರಿಯನ್ನು ನೋಡಿ. ಮಧ್ಯಾಹ್ನ ಊಟಕ್ಕೆ ಮುದ್ದೆ, ಬಸ್ಸಾರು ಸಿಗುವ ಹೋಟೆಲು ಹುಡುಕಿ. ಸಂಜೆ ಬಾಸೂರು. ಮರುದಿನ ಬೆಳಗ್ಗೆ ಲಕ್ಕವಳ್ಳಿಯ ದೋಣಿ, ಆಮೇಲೆ ಬೆಟ್ಟ. ಹೀಗೆ ಬಯಲಿನಿಂದ ಮೇಲಕ್ಕೆ ಹತ್ತಿದರೆ, ಬೆಟ್ಟ ಯಾಕೆ ಹಸಿರಾಗಿದೆ, ಬಯಲು ಯಾಕೆ ಹಳದಿಯಾಗಿದೆ ಎಂಬುದು ಕಾಲಿಗೇ ತಿಳಿಯುತ್ತದೆ.

ಬಾಸೂರಿಗೆ ಹೋಗುವವರು ಇಷ್ಟು ಪಾಲಿಸಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಗಾಡಿಯನ್ನು ಹುಲ್ಲಿನ ಮೇಲೆ ಹತ್ತಿಸಬೇಡಿ, ದಾರಿ ಬಿಟ್ಟು ನಡೆಯಬೇಡಿ; ನೆಲದ ಮೇಲೆ ಮಲಗಿದ ಹಕ್ಕಿಯನ್ನು ಎಬ್ಬಿಸಿದರೆ ಕತ್ತಲಲ್ಲಿ ಅದಕ್ಕೆ ಬೇರೆ ಜಾಗ ಸಿಗುವುದಿಲ್ಲ. ಡ್ರೋನು ಬೇಡ. ಬೀಡಿ, ಸಿಗರೇಟು ಖಂಡಿತ ಬೇಡ. ಜನವರಿಯ ಹುಲ್ಲಿಗೆ ಒಂದು ಕಿಡಿ ಸಾಕು. ಸೆಳೆವಗಳು ಚಳಿಗಾಲ ಮುಗಿಯುವ ತನಕ ಇಲ್ಲಿರುತ್ತವೆ. ಸಂಜೆ ಐದರೊಳಗೆ ಹೋಗಿ ಸುಮ್ಮನೆ ನಿಂತುಕೊಳ್ಳಿ.